ರಾಕೆಟ್ ಬಿದ್ದದ್ದು ಯಾಕೆ ಅಂತ ಬರೆಯಿರಿ

ನಮಸ್ಕಾರ. ಯುರೋಪಾ ರಾಕೆಟ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಶ್ರಮಪಟ್ಟು ಮಾಹಿತಿ ಕೂಡಿಸಿದ್ದೀರಿ, ಕಾಗುಣಿತದ ತಪ್ಪಿಲ್ಲ. ಅರವತ್ತರ ದಶಕದಲ್ಲಿ ಯುರೋಪಿನ ಆರು ದೇಶಗಳು ಆಸ್ಟ್ರೇಲಿಯಾವನ್ನೂ ಸೇರಿಸಿಕೊಂಡು, ಉಪಗ್ರಹ ಹಾರಿಸುವ ರಾಕೆಟ್ ಕಟ್ಟಲು ಹೋಗಿ ಸೋತ ಕಥೆ ಇದು. ಕನ್ನಡದಲ್ಲಿ ಬರಲೇಬೇಕಾದ ಕಥೆ. ಅದಕ್ಕೇ ಓದಿ ಮುಗಿಸಿದಾಗ ನನಗೆ ಸಿಟ್ಟು ಬಂತು.

ನಿಮ್ಮ ಮೂರನೇ ಪ್ಯಾರಾ ನೋಡಿ. "ಬ್ರಿಟನ್ ಮೊದಲ ಹಂತವನ್ನು ನಿರ್ಮಿಸಿತು. ಫ್ರಾನ್ಸ್ ಎರಡನೇ ಹಂತವನ್ನು ನಿರ್ಮಿಸಿತು. ಪಶ್ಚಿಮ ಜರ್ಮನಿ ಮೂರನೆಯದನ್ನು ನಿರ್ಮಿಸಿತು." ಸರಿ. ಅಲ್ಲಿಂದ ಮುಂದೆ ದೇಶಕ್ಕೊಂದು ಪ್ಯಾರಾ. ಬ್ರಿಟನ್ನಿನ ಹಂತ ಬ್ಲೂ ಸ್ಟ್ರೀಕ್‌ದು ಒಂದು, ಫ್ರಾನ್ಸಿನ ಕೊರಾಲಿದು ಒಂದು, ಜರ್ಮನಿಯ ಆಸ್ಟ್ರಿಸ್‌ದು ಒಂದು. ಎತ್ತರ, ತೂಕ, ಇಂಧನ ಎಲ್ಲ ಇದೆ. ಒಂದು ಹಂತ ಇನ್ನೊಂದರ ಮೇಲೆ ಕೂರುವ ಜಾಗ ಮಾತ್ರ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಕೆಳಗಿನದು ಉರಿದು ಮುಗಿದ ತಕ್ಷಣ ಕಳಚಬೇಕು, ಮೇಲಿನದು ಹೊತ್ತಿಕೊಳ್ಳಬೇಕು, ಒಂದು ದೇಶದವರು ಎಳೆದ ವೈರು ಇನ್ನೊಂದು ದೇಶದವರ ವೈರಿಗೆ ಸರಿಯಾಗಿ ಕೂಡಬೇಕು. ಕಥೆ ಇರುವುದೇ ಅಲ್ಲಿ, ಅಲ್ವಾ? 1964ರಲ್ಲಿ ಆಸ್ಟ್ರೇಲಿಯಾದ ವೂಮೆರಾದಿಂದ ಬ್ಲೂ ಸ್ಟ್ರೀಕ್ ಒಂದನ್ನೇ ಹಾರಿಸುತ್ತಿದ್ದಾಗ ಇಷ್ಟು ತೊಂದರೆ ಇರಲಿಲ್ಲ. 1967ರಲ್ಲಿ ಎರಡನೇ ಹಂತವನ್ನೂ ಉರಿಸುವ ಹೊತ್ತು ಬಂತು ನೋಡಿ, ಅಲ್ಲಿಂದ ಶುರು. ಈ ರಾಕೆಟ್ ಕಟ್ಟಲು ಆ ದೇಶಗಳು ಸೇರಿ ಮಾಡಿಕೊಂಡ ಎಲ್ಡೋ ಅಂತ ಒಂದು ಸಂಸ್ಥೆ ಇತ್ತು ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಆ ಸಂಸ್ಥೆಯ ಕೈಯಲ್ಲಿ ಅಧಿಕಾರ ಎಷ್ಟಿತ್ತು? ಕೆಲಸ ಕೊಡುವವರು, ದುಡ್ಡು ಕೊಡುವವರು ಆಯಾ ದೇಶದ ಸರ್ಕಾರಗಳೇ. ಇಡೀ ರಾಕೆಟ್ಟಿಗೆ ನಾನು ಜವಾಬ್ದಾರ ಅನ್ನುವವರು ಯಾರೂ ಇರಲಿಲ್ಲ. ಇದನ್ನು ನೀವು ಒಂದು ಸಾಲಿನಲ್ಲೂ ಹೇಳಿಲ್ಲ.

ಇನ್ನೊಂದು ಸಾಲು: "ದುರದೃಷ್ಟವಶಾತ್ 1970ರ ಪ್ರಯೋಗವೂ ವಿಫಲವಾಯಿತು." ಇದರಲ್ಲಿ ಅದೃಷ್ಟದ ಪಾಲು ಏನೂ ಇಲ್ಲ. 1970ರ ಜೂನ್ 12ರಂದು ಮೂರೂ ಹಂತಗಳು ಹೊತ್ತಿಕೊಂಡವು. ಆದರೆ ಉಪಗ್ರಹವನ್ನು ಮುಚ್ಚಿದ್ದ ಮೂತಿಯ ಕವಚ ಕಳಚಲಿಲ್ಲ. ಆ ತೂಕ ಹೊತ್ತುಕೊಂಡು ಹೋದ ರಾಕೆಟ್ಟಿಗೆ ಬೇಕಾದ ವೇಗ ಸಿಗಲಿಲ್ಲ, ಉಪಗ್ರಹ ಕಕ್ಷೆ ಸೇರಲಿಲ್ಲ. ಮುಂದಿನ ಸಾಲು: "1971ರಲ್ಲಿಯೂ ಅದೇ ಗತಿ." ಅದೇ ಗತಿ ಹೇಗಾಗುತ್ತದೆ? ನವೆಂಬರ್ 5ರಂದು ಫ್ರೆಂಚ್ ಗಯಾನಾದ ಕೌರೂದಿಂದ ಯುರೋಪಾ-2 ಹಾರಿತು. ಕವಚದ ಮೇಲೆ ಸ್ಥಿರ ವಿದ್ಯುತ್ತು ಕೂಡಿಕೊಂಡು, ಅದು ಹರಿದ ಹೊಡೆತಕ್ಕೆ ದಾರಿ ತೋರಿಸುವ ಕಂಪ್ಯೂಟರ್ ಕೈಕೊಟ್ಟಿತು. ರಾಕೆಟ್ ಹಿಡಿತ ತಪ್ಪಿ ಒಡೆದುಹೋಯಿತು. ಎರಡೂ ಸಲ ಬಿದ್ದದ್ದು ಬೇರೆ ಬೇರೆ ಕಾರಣಕ್ಕೆ. ಓದುವವರಿಗೆ ಅದನ್ನು ಹೇಳದೆ "ಗತಿ" ಅಂದುಬಿಟ್ಟರೆ ಅವರಿಗೆ ಏನು ಸಿಕ್ಕಿತು ಹೇಳಿ.

ನಾನು ಕೆಲಸ ಕಲಿತದ್ದು ಚಾಮರಾಜಪೇಟೆಯ ಒಂದು ಸಣ್ಣ ವಾರಪತ್ರಿಕೆಯಲ್ಲಿ. ಅಲ್ಲಿ ಹಿರಿಯ ಉಪಸಂಪಾದಕರೊಬ್ಬರು ಇದ್ದರು. ಬರೆದದ್ದನ್ನು ಗಟ್ಟಿಯಾಗಿ ಓದಿಸುತ್ತಿದ್ದರು, ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ಒಡೆದ ಸುದ್ದಿ ಓದುವಾಗ ಕಣ್ಣು ಬಿಟ್ಟು, "ಯಾವ ವಾಲ್ವು? ಯಾರ ಪಾಳಿ?" ಅಂದರು. ಬಸ್ಸು ಹಿಡಿದು ವಾಪಸ್ ಹೋದೆ. ಫಿಟ್ಟರ್ ಒಬ್ಬರು ಹೊರಗೆ ಟೀ ಅಂಗಡಿಯ ಬೆಂಚಿನ ಮೇಲೆ ಅಂಗೈ ಮೇಲೆ ಬೆರಳಲ್ಲಿ ಗೆರೆ ಎಳೆದು ವಾಲ್ವು ಎಲ್ಲಿ ಕಚ್ಚಿಕೊಂಡಿತ್ತು ಅಂತ ತೋರಿಸಿದರು. ಸುದ್ದಿ ಅದೇ ಆಯಿತು. ಇವತ್ತಿಗೂ ಯಾರದೇ ಲೇಖನ ಕೈಗೆ ಬಂದರೂ ನಾನು ಮೊದಲು ಹುಡುಕುವುದು ಆ ವಾಲ್ವನ್ನೇ.

ನಿಮ್ಮ ಕೊನೆಯ ಪ್ಯಾರಾದಲ್ಲಿ ಏರಿಯಾನ್ ಬರುತ್ತದೆ, ಒಂದೇ ಸಾಲು. ಸುಮ್ನೆ ಹಾಗೆ ಮುಗಿಸಬೇಡಿ. ಯುರೋಪಾವನ್ನು 1973ರಲ್ಲಿ ನಿಲ್ಲಿಸಿದರು. ಅದರ ಮುಂದಿನ ರಾಕೆಟ್ಟಾದ ಏರಿಯಾನ್‌ಗೆ ಫ್ರಾನ್ಸ್ ಜಾಸ್ತಿ ದುಡ್ಡು ಹಾಕಿತು, ನಡೆಸುವ ಹೊಣೆಯನ್ನೂ ಹೊತ್ತಿತು. ಹಲವು ದೇಶಗಳು ಆಗಲೂ ಇದ್ದವು, ಕೊನೆಯ ಮಾತು ಮಾತ್ರ ಒಬ್ಬರದು. 1979ರ ಡಿಸೆಂಬರ್ 24ರಂದು ಮೊದಲ ಏರಿಯಾನ್ ಹಾರಿತು. 1981ರ ಜೂನ್ 19ರಂದು ಅದೇ ಏರಿಯಾನ್ ನಮ್ಮ ಆ್ಯಪಲ್ ಉಪಗ್ರಹವನ್ನು ಹೊತ್ತೊಯ್ದಿತು. ಆ್ಯಪಲ್ಲನ್ನು ಎತ್ತಿನ ಗಾಡಿ ಮೇಲೆ ಇಟ್ಟ ಫೋಟೊ ಎಲ್ಲರೂ ಫಾರ್ವರ್ಡ್ ಮಾಡುತ್ತಾರೆ, ನೀವೂ ಲಗತ್ತಿಸಿದ್ದೀರಿ. ಅದರ ಕೆಳಗೆ "ಬಡತನದಲ್ಲೂ ಸಾಧನೆ" ಅಂತ ಬರೆದಿದ್ದೀರಿ. ಆಂಟೆನಾ ಪರೀಕ್ಷೆಗೆ ಸುತ್ತ ಲೋಹ ಇರಬಾರದಿತ್ತು, ಅದಕ್ಕೆ ಮರದ ಗಾಡಿ. ಅಷ್ಟು ಜಾಣತನದ ಕೆಲಸವನ್ನು ಬಡತನ ಅಂದದ್ದು ನನಗೆ ನಿಜಕ್ಕೂ ನೋವಾಯಿತು.

ಮೊದಲ ಎರಡು ಪುಟ ತೆಗೆದುಹಾಕಿ. 1970ರ ಜೂನಿನ ವೂಮೆರಾದಿಂದ ಶುರುಮಾಡಿ, ಮೂರೂ ಹಂತ ಉರಿದ ಮೇಲೂ ಕವಚ ಅಲ್ಲೇ ಕೂತಿದೆ ಅನ್ನುವಲ್ಲಿಂದ. ದೇಶಗಳ ಹೆಸರು ಬೇಕಾದಲ್ಲಿ ಬರಲಿ. ಫೋಟೊದ ಕೆಳಗಿನ ಸಾಲನ್ನು ನೀವೇ ಬದಲಾಯಿಸಿ. ಮತ್ತೆ ಕಳಿಸಿ, ಓದುತ್ತೇನೆ.