ಪಶ್ಚಿಮ ದಿಕ್ಕಿನ ಮನೆ, ಬೇಗ ನೆರಳು ಬೇಕು: ಗುಲ್‌ಮೊಹರ್ ನೆಡಬಹುದಾ?

ಮೈಸೂರಿನಲ್ಲಿ 40–60 ಸೈಟು, ಪಶ್ಚಿಮಕ್ಕೆ ಬಾಗಿಲು, ಮುಂದೆ 18 ಅಡಿ ಜಾಗ ಬಿಟ್ಟಿದ್ದೀರಿ. ಬೇಸಿಗೆಯಲ್ಲಿ ಮಧ್ಯಾಹ್ನ ಮೂರರ ಮೇಲೆ ಹಾಲ್‌ನಲ್ಲಿ ಕೂರಲು ಆಗುವುದಿಲ್ಲ, ಗುಲ್‌ಮೊಹರ್ ಬೇಗ ಬೆಳೆಯುತ್ತದಂತೆ, ನೆಡಲಾ ಅಂತ ಕೇಳಿದ್ದೀರಿ.

ದಯವಿಟ್ಟು ಬೇಡ. ನಾನು ನೆಟ್ಟು ನೋಡಿದ್ದೇನೆ. ಬೇಗ ಬೆಳೆಯುವುದು ನಿಜ. ಆದರೆ ಬಿಸಿಲು ಏರುವ ಹೊತ್ತಿಗೇ ಎಲೆ ಉದುರಿಸಿಕೊಂಡು ನಿಲ್ಲುತ್ತದೆ. ಮಾರ್ಚ್‌ನಲ್ಲಿ ನೋಡಿದರೆ ಬರೀ ಕೊಂಬೆ, ಉದ್ದುದ್ದ ಒಣ ಕಾಯಿ. ನೆರಳು ಬೇಕಾದಾಗಲೇ ನೆರಳಿಲ್ಲ. ನಮ್ಮ ಮರ ಒಂಬತ್ತನೇ ವರ್ಷಕ್ಕೆ, ಮೇ ತಿಂಗಳ ಒಂದು ಗಾಳಿಮಳೆಗೆ ಬುಡ ಸಮೇತ ಕಾಂಪೌಂಡ್ ಮೇಲೆ ಬಿತ್ತು. ಬೇರು ತಟ್ಟೆಯ ಹಾಗೆ ಅಗಲಕ್ಕೆ ಹರಡಿತ್ತು, ಆಳಕ್ಕೆ ಇಳಿದೇ ಇರಲಿಲ್ಲ. ಐದು ನಿಮಿಷ ಮುಂಚೆ ಮಕ್ಕಳು ಅಲ್ಲೇ ಆಡುತ್ತಿದ್ದರು. ಪಾರ್ಕಿನಲ್ಲಿ ಅದು ಚೆಂದ, ಮನೆ ಗೋಡೆ ಪಕ್ಕ ಅಲ್ಲ.

ನಾನು ಸಕಲೇಶಪುರದ ಕಡೆಯವನು. ಹೊಸದಾಗಿ ಕಾಫಿ ಹಾಕುವಾಗ ಅಪ್ಪ ಎರಡು ತರಹದ ನೆರಳು ಹಾಕುತ್ತಿದ್ದರು. ಮಳೆ ಹಿಡಿದ ಕೂಡಲೇ ಆಳೆತ್ತರದ ಹಾಲುವಾಣದ ಗೂಟ ಕಡಿದು ನೆಡುವುದು. ಅದು ಬೇಗ ಚಿಗುರಿ ಎಳೆ ಗಿಡಗಳನ್ನು ಕಾಯುತ್ತದೆ. ಜೊತೆಗೇ ಅತ್ತಿ, ಬಸರಿ, ನಂದಿ. ಇವು ನಿಧಾನ, ಆದರೆ ಮುಂದೆ ಉಳಿಯುವ ನೆರಳು ಇವುಗಳದ್ದೇ. ಇವು ಮೇಲೆ ಹರಡಿದ ಹಾಗೆ ಹಾಲುವಾಣ ಕಡಿಮೆ ಮಾಡುತ್ತಾ ಬರುವುದು. ಬೇಗನೂ ಬರಬೇಕು, ಬಾಳಿಕೆಯೂ ಬರಬೇಕು ಅಂತ ಒಂದೇ ಮರವನ್ನು ಕೇಳಿದರೆ ಆಗುವುದಿಲ್ಲ ಅಲ್ವಾ? ನೀವೂ ಎರಡು ನೆಡಿ.

ಉಳಿಯುವ ಮರಕ್ಕೆ ಹೊಂಗೆ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಅದೂ ಎಲೆ ಉದುರಿಸುತ್ತದೆ, ಆದರೆ ಕೆಲವೇ ದಿನ. ಯುಗಾದಿ ಹೊತ್ತಿಗೆ ಎಣ್ಣೆ ಸವರಿದ ಹಾಗೆ ಹೊಳೆಯುವ ಹೊಸ ಎಲೆ ತುಂಬಿಕೊಳ್ಳುತ್ತದೆ. ಏಪ್ರಿಲ್ ಬಿಸಿಲಿಗೆ ಅದು ತಯಾರಾಗಿರುತ್ತದೆ. ನಮ್ಮ ಮನೆಯಲ್ಲಿ ಹೂವಿನ ಕಾಲದಲ್ಲಿ ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳದ ತುಂಬ ಪುರಿ ಚೆಲ್ಲಿದಂತೆ ಬಿದ್ದಿರುತ್ತದೆ, ಮೇಲೆ ಜೇನುಹುಳಗಳ ಗುಂಯ್ ಶಬ್ದ. ದಿನಾ ಗುಡಿಸಬೇಕು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಗುಡಿಸಿದ್ದನ್ನು ಬುಡಕ್ಕೇ ಹಾಕಿ, ಒಳ್ಳೆ ಗೊಬ್ಬರ. ಎಲೆ ಮೇಲೆ ಸಣ್ಣ ಗಂಟು ಬಂದರೆ ಗಾಬರಿಯಾಗಿ ಔಷಧಿ ಹೊಡೆಯಬೇಡಿ, ಮರಕ್ಕೆ ಏನೂ ಆಗುವುದಿಲ್ಲ. ನಮ್ಮದು ಮೂರು ವರ್ಷಕ್ಕೆ ಹನ್ನೊಂದು ಅಡಿ ಬಂತು. ಆರನೇ ವರ್ಷ ಅದರ ಕೆಳಗೆ ಮಂಚ ಹಾಕಿದೆವು.

ಅಲ್ಲಿಯವರೆಗೆ ಗಸಗಸೆ ಹಣ್ಣಿನ ಮರ, ಸಿಂಗಾಪುರ ಚೆರ್ರಿ ಅಂತಲೂ ಕರೆಯುತ್ತಾರೆ. ಎರಡೇ ವರ್ಷಕ್ಕೆ ಕೊಡೆಯ ಹಾಗೆ ಹರಡುತ್ತದೆ. ಮಕ್ಕಳಿಗೂ ಹಕ್ಕಿಗಳಿಗೂ ಆ ಕೆಂಪು ಹಣ್ಣು ಅಂದರೆ ಪ್ರಾಣ. ರಾತ್ರಿ ಬಾವಲಿ ಬರುತ್ತವೆ, ಕೆಳಗೆ ಕಾರು ನಿಲ್ಲಿಸಬೇಡಿ. ಕೊಂಬೆ ಪೆಳಸು, ಹಾಗಾಗಿ ಅದನ್ನು ದೊಡ್ಡ ಮರ ಆಗಲು ಬಿಡಬೇಡಿ. ಹೊಂಗೆ ಹರಡುತ್ತಿದ್ದಂತೆ ಸವರುತ್ತಾ ಬನ್ನಿ, ಐದಾರು ವರ್ಷಕ್ಕೆ ತೆಗೆದುಬಿಡಿ. ನುಗ್ಗೆಯೂ ಆಗಬಹುದು, ಆದರೆ ಕಂಬಳಿಹುಳದ ಕಾಟ ಜಾಸ್ತಿ.

ಎಲ್ಲಿ ನೆಡಬೇಕು ಅನ್ನುವುದು ಯಾವ ಮರ ಅನ್ನುವುದಕ್ಕಿಂತ ಮುಖ್ಯ. ಏಪ್ರಿಲ್ ಮೂರನೇ ವಾರ ಕಳೆಯುವ ಹೊತ್ತಿಗೆ ಮೈಸೂರಿನಲ್ಲಿ ಸೂರ್ಯ ನಡು ನೆತ್ತಿಗೆ ಬಂದು, ಆಮೇಲೆ ಉತ್ತರಕ್ಕೆ ಸರಿಯುತ್ತಾನೆ. ಹಾಗಾಗಿ ಮೇ ತಿಂಗಳ ಸಂಜೆ ಬಿಸಿಲು ನೇರ ಪಶ್ಚಿಮದಿಂದಲ್ಲ, ಸ್ವಲ್ಪ ವಾಯುವ್ಯದಿಂದ ಬಡಿಯುತ್ತದೆ. ಬಾಗಿಲಲ್ಲಿ ನಿಂತು ಹೊರಗೆ ನೋಡಿದರೆ ಹೊಂಗೆ ನಿಮ್ಮ ಬಲಗಡೆಗೆ ಇರಲಿ, ಗೋಡೆಯಿಂದ 12 ಅಡಿ ದೂರ. ಎಡಕ್ಕೆ ಹತ್ತು ಅಡಿ ಬಿಟ್ಟು ಗಸಗಸೆ. ಸಂಪಿನ ಹತ್ತಿರ ಯಾವುದೂ ಬೇಡ. ತಂತಿಗಳು ಎಲ್ಲಿ ಹಾದುಹೋಗಿವೆ ಅಂತ ಒಮ್ಮೆ ತಲೆ ಎತ್ತಿ ನೋಡಿಕೊಳ್ಳಿ.

ನರ್ಸರಿಯಲ್ಲಿ ಎತ್ತರ ನೋಡಿ ಸುಮ್ನೆ ಮರುಳಾಗಬೇಡಿ. ಸಣ್ಣ ಚೀಲದಲ್ಲಿ ಆರಡಿ ಬೆಳೆದ ಸಸಿಯ ಬೇರು ಒಳಗೇ ಸಿಂಬೆ ಸುತ್ತಿಕೊಂಡಿರುತ್ತದೆ. ಹಾಗೇ ನೆಟ್ಟರೆ ಆ ಸುತ್ತು ಬಿಚ್ಚುವುದಿಲ್ಲ, ಮುಂದೆ ಗಾಳಿಗೆ ಬೀಳುವುದೂ ಇಂಥವೇ. ಮೂರಡಿಯ, ಬುಡ ದಪ್ಪಗಿರುವ ಸಸಿ ತನ್ನಿ. ಚೀಲ ಸೀಳಿ, ತಳದಲ್ಲಿ ಸುತ್ತಿದ ಬೇರನ್ನು ಕತ್ತರಿಸಿ ನೆಡಿ. ಎರಡೂವರೆ ಅಡಿ ಗುಂಡಿಯನ್ನು ಮೇ ತಿಂಗಳಲ್ಲೇ ತೋಡಿ ಬಿಸಿಲಿಗೆ ಬಿಡಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ಹಾಕಿ ನೆಟ್ಟು, ಕೋಲು ಕಟ್ಟಿ. ಮೊದಲ ಎರಡು ಬೇಸಿಗೆ ಮೂರು ದಿನಕ್ಕೊಮ್ಮೆ ಒಂದು ಕೊಡ ನೀರು ಬೇಕೇ ಬೇಕು. ಆಮೇಲೆ ಅದರ ಪಾಡು ಅದು ನೋಡಿಕೊಳ್ಳುತ್ತದೆ.