ಬಿಳಿ ಇರುವುದು ಎಲೆಯ ಮೇಲೋ, ಅಡಿಯಲ್ಲೋ?

ಪ್ರಶ್ನೆ: ದ್ರಾಕ್ಷಿ ಎಲೆಗೆ ಬಿಳಿ ಬೂಜು ಬಂದಿದೆ. ಹೋದ ಸಲ ಬೂದಿ ರೋಗಕ್ಕೆ ಹೊಡೆದ ಹೆಕ್ಸಾಕೊನಜೋಲನ್ನೇ ಹೊಡೆದೆ. ಆಗ ಹತೋಟಿಗೆ ಬಂದಿತ್ತು, ಈ ಸಲ ಏನೂ ಆಗಲಿಲ್ಲ. ಔಷಧಿ ನಕಲಿಯೇ? ಎಲೆಯ ಎರಡೂ ಬದಿಯ ಫೋಟೋ ಕಳಿಸಿದ್ದೇನೆ.

ಉತ್ತರ: ಎರಡೂ ಬದಿ ಕಳಿಸಿದ್ದು ಒಳ್ಳೆಯದಾಯಿತು. ಜಾಸ್ತಿ ಜನ ಮೇಲಿನದ್ದು ಮಾತ್ರ ಕಳಿಸುತ್ತಾರೆ. ನಿಮ್ಮ ಎಲೆಯ ಮೇಲೆ ಎಣ್ಣೆ ಕಲೆಯಂಥ ಹಳದಿ ಮಚ್ಚೆ ಇದೆ, ಅದರ ನೇರ ಅಡಿಯಲ್ಲಿ ಬಿಳಿ ತುಪ್ಪಟ. ಇದು ಬೂದಿ ರೋಗವಲ್ಲ, ಡೌನಿ ಎಂಬ ಬೇರೆಯೇ ರೋಗ. ಔಷಧಿ ಅಸಲಿಯಾಗಿದ್ದರೂ ಇಲ್ಲಿ ಕೆಲಸ ಮಾಡುತ್ತಿರಲಿಲ್ಲ.

ಬೂದಿ ರೋಗ ತರುವುದು ನಿಜವಾದ ಶಿಲೀಂಧ್ರ. ಅದರ ಕೋಶದ ಗೋಡೆಯಲ್ಲಿ ಕೈಟಿನ್ ಎಂಬ ಗಟ್ಟಿ ವಸ್ತು ಇದೆ, ಗೋಡೆಯ ಒಳಗಿನ ಪೊರೆಗೆ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಬೇಕು. ಹೆಕ್ಸಾಕೊನಜೋಲ್ ತಡೆಯುವುದು ಈ ಎರ್ಗೊಸ್ಟೆರಾಲ್ ತಯಾರಿಯನ್ನೇ. ಡೌನಿಯ ಜೀವಿ ಅದನ್ನು ತಯಾರಿಸುವುದೇ ಇಲ್ಲ. ಅದರ ಗೋಡೆಯಲ್ಲಿ ಇರುವುದು ಮುಖ್ಯವಾಗಿ ಗ್ಲೂಕನ್ ಮತ್ತು ಸೆಲ್ಯುಲೋಸ್ ಎಂಬ ಬೇರೆ ವಸ್ತುಗಳು. ಎಳೆಗಳಲ್ಲಿ ಅಡ್ಡಗೋಡೆಗಳೂ ಇಲ್ಲವೆನ್ನಬಹುದು. ನಾನು ಓದುವಾಗ ಈ ಜೀವಿ ಶಿಲೀಂಧ್ರಗಳ ಅಧ್ಯಾಯದಲ್ಲೇ ಇತ್ತು. ನಿಜವಾದ ನಂಟು ಕಂದು ಪಾಚಿಗಳ ಜೊತೆ.

ಆ ನಂಟು ಸಂತಾನ ಬೆಳೆಸುವಾಗ ಚೆನ್ನಾಗಿ ಕಾಣುತ್ತದೆ. ಬೂದಿ ರೋಗದ ಬೀಜಕಣಗಳು ಸರಪಳಿಯಾಗಿ ಹುಟ್ಟಿ ಗಾಳಿಗೆ ಹಾರುತ್ತವೆ. ಮೊಳೆಯಲು ಎಲೆ ಒದ್ದೆಯಾಗಿರಬೇಕಿಲ್ಲ. ಡೌನಿಯ ಕಣಕೋಶಗಳೂ (ಕಣಗಳನ್ನು ತುಂಬಿಕೊಂಡ ಪುಟ್ಟ ಚೀಲಗಳು) ಗಾಳಿಯಲ್ಲೇ ಬರುತ್ತವೆ, ಆದರೆ ಎಲೆ ಮೇಲೆ ನೀರಿದ್ದರೆ ಮಾತ್ರ ಆಟ ಶುರು. ಕೋಶ ಒಡೆದು ಈಜುವ ಕಣಗಳು ಹೊರಬರುತ್ತವೆ. ಒಂದೊಂದಕ್ಕೂ ಎರಡು ಬಾಲ: ಒಂದು ನುಣುಪು, ಇನ್ನೊಂದಕ್ಕೆ ಸಣ್ಣ ರೋಮ. ಸೂಕ್ಷ್ಮದರ್ಶಕದಲ್ಲಿ ತೋರಿಸಿದರೆ ನನ್ನ ವಿದ್ಯಾರ್ಥಿಗಳು ಇದು ಯಾವ ಪ್ರಾಣಿ ಅಂತ ಕೇಳುತ್ತಿದ್ದರು. ಪತ್ರರಂಧ್ರ, ಅಂದರೆ ಎಲೆ ಉಸಿರಾಡುವ ಸಣ್ಣ ತೂತು, ಸಿಕ್ಕ ಕೂಡಲೇ ಬಾಲ ಕಳಚಿ, ಗುಂಡಗಾಗಿ, ಮೊಳಕೆ ಎಳೆ ಬಿಟ್ಟು ಒಳಗೆ ನುಗ್ಗುತ್ತವೆ. ರಾತ್ರಿ ತೇವ ಜಾಸ್ತಿಯಾದಾಗ ಅದೇ ರಂಧ್ರಗಳಿಂದ ಕವಲೊಡೆದ ಕಡ್ಡಿಗಳು ಹೊರಗೆ ಬಂದು ಹೊಸ ಕಣಕೋಶ ಹೊರುತ್ತವೆ. ದ್ರಾಕ್ಷಿ ಎಲೆಗೆ ರಂಧ್ರಗಳಿರುವುದು ಅಡಿಯಲ್ಲಿ. ತುಪ್ಪಟ ಅಲ್ಲೇ ಯಾಕೆ ಬಂತು ಅಂತ ಗೊತ್ತಾಯಿತು ಅಲ್ವಾ?

ಹಾಗಾಗಿ ಸಿಂಪಡಣೆಯೂ ಅಡಿಗೆ ತಲುಪಬೇಕು. 1885ರಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಮಿಲಾರ್ಡೆ ಪ್ರಕಟಿಸಿದ ಬೋರ್ಡೋ ದ್ರಾವಣ (ಮೈಲುತುತ್ತ ಎಂಬ ತಾಮ್ರದ ಲವಣ ಮತ್ತು ಸುಣ್ಣ ಬೆರೆಸಿದ್ದು) ಇದೇ ರೋಗಕ್ಕೆ ಅಂತ ಬಂದದ್ದು. ಆದರೆ ತಾಮ್ರ ರೋಗ ಬರದಂತೆ ಕಾಯುತ್ತದೆ, ಒಳಹೊಕ್ಕದ್ದನ್ನು ಕೊಲ್ಲುವುದಿಲ್ಲ. ಒಳಗಿನದಕ್ಕೆ ಮೆಟಲಾಕ್ಸಿಲ್ ಎಂಬ ಔಷಧಿ ಇದೆ. ಅದೊಂದನ್ನೇ ಪದೇಪದೇ ಹೊಡೆದರೆ ರೋಗ ಬೇಗ ಒಗ್ಗಿಕೊಳ್ಳುತ್ತದೆ; ಮ್ಯಾಂಕೊಜೆಬ್ ಎಂಬ ಇನ್ನೊಂದು ಔಷಧಿ ಬೆರೆಸಿದ್ದನ್ನು ತನ್ನಿ, ಪ್ರಮಾಣ ಲೇಬಲ್ ನೋಡಿ ಹಾಕಿ. ಉದುರಿದ ಎಲೆಗಳನ್ನು ಬಳ್ಳಿಯ ಕೆಳಗೆ ಬಿಡಬೇಡಿ. ಗಂಡು ಹೆಣ್ಣು ಭಾಗ ಕೂಡಿ ಹುಟ್ಟಿದ ದಪ್ಪ ಗೋಡೆಯ ಕಣಗಳು ಅವುಗಳೊಳಗೇ ಮುಂದಿನ ಹಂಗಾಮಿನವರೆಗೆ ಬದುಕಿರುತ್ತವೆ.