ಅಕಥಿಸಿಯಾ ಅಂದರೇನು? ಕನ್ನಡದಲ್ಲಿ ಏನನ್ನಬೇಕು?

ಡಾಕ್ಟರ ಚೀಟಿಯಲ್ಲಿ 'ಅಕಥಿಸಿಯಾ' ಅಂತ ಓದಿ ಅರ್ಥ, ಮೂಲ, ಕನ್ನಡದ ಪದ ಮೂರನ್ನೂ ಕೇಳಿದ್ದೀರಿ. ನಾನು ವೈದ್ಯನಲ್ಲ, ಪದಗಳ ಹುಚ್ಚಿರುವವನು. ಆದರೆ ಈ ಪದ ಬಸವನಗುಡಿಯ ನಮ್ಮ ಮನೆಗೂ ಬಂದು ಹೋಗಿದೆ.

ಒಮ್ಮೆ ಆಸ್ಪತ್ರೆಯಲ್ಲಿ ಅಮ್ಮನಿಗೆ ವಾಂತಿಗೆ ಇಂಜೆಕ್ಷನ್ ಕೊಟ್ಟರು, ಮೆಟೊಕ್ಲೋಪ್ರಮೈಡ್. ವಾಂತಿ ನಿಂತಿತು, ಅಮ್ಮ ನಿಲ್ಲಲಿಲ್ಲ. ಡ್ರಿಪ್ ಸ್ಟ್ಯಾಂಡ್ ಎಳೆದುಕೊಂಡು ಹಾಸಿಗೆಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. "ಸ್ವಲ್ಪ ಕೂತ್ಕೊಳಮ್ಮ" ಅಂದರೆ, "ಆಗ್ತಿಲ್ವೋ, ಕಾಲೊಳಗೆ ಕೂತು ಯಾರೋ ಎಬ್ಬಿಸ್ತಿದಾರೆ" ಅಂದಳು. ನಾನು ಗಾಬರಿ ಇರಬೇಕು ಅಂದುಕೊಂಡೆ. ಡ್ಯೂಟಿ ಡಾಕ್ಟರು ನೋಡಿದವರೇ ಈ ಹೆಸರು ಹೇಳಿ ಆ ಮದ್ದು ನಿಲ್ಲಿಸಿದರು. ರಾತ್ರಿ ಹೊತ್ತಿಗೆ ಇಳಿಯಿತು.

ಹೆಸರಿಟ್ಟವರು ಪ್ರಾಗ್‌ನ ನರರೋಗ ತಜ್ಞ ಲಾಡಿಸ್ಲಾವ್ ಹಾಶ್ಕೋವೆಟ್ಸ್, 1901ರಲ್ಲಿ, ಕೂತಲ್ಲಿ ಕೂರಲಾಗದ ಇಬ್ಬರು ರೋಗಿಗಳನ್ನು ನೋಡಿ. ಈ ತೊಂದರೆಗೆ ಇಂದು ಹೆಚ್ಚಾಗಿ ಕಾರಣವಾಗುವ ಮನೋರೋಗದ ಮದ್ದುಗಳು ಬಂದದ್ದು 1950ರ ದಶಕದಲ್ಲಿ, ಅಂದರೆ ಹೆಸರೇ ಮೊದಲು ಹುಟ್ಟಿತು! ಗ್ರೀಕಿನಲ್ಲಿ 'ಅ' ಅಂದರೆ ಇಲ್ಲ, 'ಕಥಿಸಿಸ್' ಅಂದರೆ ಕೂರುವುದು. ಆ 'ಅ' ನಮ್ಮ 'ಅಶಾಂತಿ'ಯ 'ಅ'ಕಾರದ ನೆಂಟ. ಕೂರುವ ಧಾತುವೂ ಸಂಸ್ಕೃತದ 'ಸದ್' ಧಾತುವಿಗೆ ಸೋದರ. ಉಪನಿಷತ್ತು, ಸದನ ಎರಡೂ ಅದರಿಂದಲೇ. ವಿಧಾನಸೌಧದ ಸದನದಲ್ಲಿ ಕೂರದೆ ಬಾವಿಗಿಳಿಯುವವರಿಗೆ ಇರುವುದು ಮಾತ್ರ ಈ ಕಾಯಿಲೆಯಲ್ಲ.

ಕನ್ನಡಕ್ಕೆ 'ಚಡಪಡಿಕೆ' ಹತ್ತಿರ. ಚಡಪಡ ಅನ್ನೋದು ಅನುಕರಣ ಶಬ್ದ, ಧಗಧಗಿಸು, ಥಳಥಳಿಸು ಆದ ಹಾಗೆ 'ಇಸು' ಸೇರಿ ಚಡಪಡಿಸು ಆಗಿದೆ. ಹಿಂದಿಯ 'ಛಟಪಟಾನಾ' ಕೂಡ ಇದೇ ಜಾತಿ. 'ತಳಮಳ' ಬೇಡ, ಅದು ಎದೆಯೊಳಗಿನದು. ಆದರೆ ಬಸ್ ತಡವಾದರೂ ನಾವು ಚಡಪಡಿಸುತ್ತೇವಲ್ಲ, ಬಸ್ ಬಂದರೆ ಅದು ಮುಗಿಯುತ್ತದೆ. ಇದು ಹಾಗಲ್ಲ, ಕಾಯುವುದಕ್ಕೆ ಏನೂ ಇಲ್ಲದೆಯೂ ಮೈ ಎಬ್ಬಿಸುತ್ತಲೇ ಇರುತ್ತದೆ. ಅದಕ್ಕೇ ನಾನಾದರೆ 'ಕೂರಲಾಗದ ಚಡಪಡಿಕೆ' ಅನ್ನುತ್ತೇನೆ.

ನಿಮಗೆ ಹೀಗೆ ಆಗುತ್ತಿದ್ದರೆ ಮದ್ದನ್ನು ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಇವತ್ತೇ ಹೇಳಿ. ಅಮ್ಮನ ಫೈಲಿನ ಮೇಲೆ ನಾನು ಇಂಗ್ಲಿಷ್ ಹೆಸರು ಬರೆದಿಟ್ಟಿದ್ದೆ. ಅವಳು ಅದರ ಕೆಳಗೆ ಪೆನ್ಸಿಲ್‌ನಲ್ಲಿ ಸೇರಿಸಿದ್ದಾಳೆ: "ವಾಂತಿ ಸೂಜಿ. ಹಾಕಿದರೆ ಕೂರಕ್ಕಾಗಲ್ಲ."